ಕಬಡ್ಡಿ ಆಡಿದವರು ಗೇಲಿಕ್ ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಆಗಿ ಕೆರಿಯರ್ ಮಾಡಿಕೊಳ್ಳಬಹುದೇ?

ಡಬ್ಲಿನ್‌ಗೆ ಓದಲು ಬಂದಿದ್ದೀರಿ, ಊರಲ್ಲಿ ಕಬಡ್ಡಿ ಆಡಿದ್ದೀರಿ, ಗೇಲಿಕ್ ಫುಟ್‌ಬಾಲ್ (ಕೈಯಲ್ಲೂ ಕಾಲಲ್ಲೂ ಆಡುವ ಐರ್ಲೆಂಡ್‌ನ ಆಟ) ಕ್ಲಬ್‌ನವರು ಕಾರ್ನರ್ ಬ್ಯಾಕ್, ಅಂದರೆ ಗೋಲಿನ ಹತ್ತಿರ ಒಂದು ಪಕ್ಕದಲ್ಲಿ ನಿಲ್ಲುವ ಡಿಫೆಂಡರ್ ಆಗಿ ಆಡು ಅಂದಿದ್ದಾರೆ, ಅಲ್ವಾ? ನಾನೂ ಹಾಗೇ ಶುರು ಮಾಡಿದವನು. ಮಂಡ್ಯ ಕಡೆ ಕಾರ್ನರ್‌ನಲ್ಲಿ ನಿಂತು ರೈಡರ್ ಕಾಲು ಹಿಡಿಯುತ್ತಿದ್ದೆ. ಇಲ್ಲಿ ಒಂದು ಸಣ್ಣ ಕ್ಲಬ್‌ನ ಜೂನಿಯರ್ ತಂಡದಲ್ಲಿ, ಅಂದರೆ ದೊಡ್ಡವರ ಆಟದಲ್ಲೇ ಕೆಳಗಿನ ದರ್ಜೆಯಲ್ಲಿ, ಮೊಣಕಾಲು ಕೈಕೊಡುವವರೆಗೂ ಆಡಿದೆ.

ಕಬಡ್ಡಿಯ ಧೈರ್ಯ ಇಲ್ಲಿ ಕೆಲಸಕ್ಕೆ ಬರುತ್ತೆ. ಕೈ ಅಭ್ಯಾಸ ಮಾತ್ರ ಮುಳುಗಿಸುತ್ತೆ. ನನಗೆ ಆಗಿದ್ದು ಅದೇ. ಸೆಮಿಫೈನಲ್, ಕೊನೇ ನಿಮಿಷಗಳು, ನಾವು ಎರಡು ಪಾಯಿಂಟ್ ಮುಂದೆ. ನಾನು ತಡೆಯಬೇಕಿದ್ದ ಫಾರ್ವರ್ಡ್ ಚೆಂಡು ಹಿಡಿದು ಗೋಲಿನ ಕಡೆ ತಿರುಗಿದ. ಈ ಆಟದಲ್ಲಿ ಚೆಂಡು ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗಿಂತ ಜಾಸ್ತಿ ಓಡುವ ಹಾಗಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಚೆಂಡು ಕೈ ಬಿಡುವ ಆ ಗಳಿಗೆಯೇ ಡಿಫೆಂಡರ್‌ನದು. ಅಲ್ಲಿಯವರೆಗೆ ಪಕ್ಕದಲ್ಲೇ ಓಡಬೇಕು, ಭುಜಕ್ಕೆ ಭುಜ ಕೊಡಬಹುದು, ಹಿಡಿಯುವಂತಿಲ್ಲ. ಚೆಂಡು ಕೆಳಗಿಳಿದಾಗ ಅಂಗೈ ಬಿಚ್ಚಿ ಚೆಂಡಿಗೆ ಮಾತ್ರ ತಟ್ಟಬೇಕು. ಇದೆಲ್ಲ ಗೊತ್ತಿತ್ತು. ಅವನು ಮೂರನೇ ಹೆಜ್ಜೆಯಲ್ಲಿದ್ದ, ಇನ್ನೊಂದು ಹೆಜ್ಜೆ ತಡೆದಿದ್ದರೆ ಸಾಕಿತ್ತು. ತಡೆಯಲಿಲ್ಲ. ಸೊಂಟಕ್ಕೆ ಕೈ ಹಾಕಿ ಕೆಡವಿದೆ. ಕಬಡ್ಡಿಯಲ್ಲಿ ಜನ ಶಿಳ್ಳೆ ಹೊಡೆಯುವಂಥ ಹಿಡಿತ! ಇಲ್ಲಿ ಪೆನಾಲ್ಟಿ, ಮೇಲೆ ಬ್ಲ್ಯಾಕ್ ಕಾರ್ಡ್, ಹತ್ತು ನಿಮಿಷ ಹೊರಗೆ. ಪೆನಾಲ್ಟಿ ಗೋಲಾಯಿತು. ಗೋಲಿಗೆ ಮೂರು ಪಾಯಿಂಟ್, ಒಂದು ಪಾಯಿಂಟ್‌ನಿಂದ ಸೋತೆವು. ಅವನನ್ನು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹೊಡೆಯಲು ಬಿಟ್ಟಿದ್ದರೆ ಒಂದೇ ಪಾಯಿಂಟ್ ಹೋಗುತ್ತಿತ್ತು, ಗೆದ್ದಿರುತ್ತಿದ್ದೆವು. ನಿಜ ಹೇಳಬೇಕೆಂದರೆ ತಪ್ಪು ಅದಕ್ಕೂ ಮುಂಚೆಯೇ ಆಗಿತ್ತು. ಅವನಿಗೂ ಗೋಲಿಗೂ ನಡುವೆ ನಿಲ್ಲುವುದು ಬಿಟ್ಟು ಚೆಂಡು ನೋಡುತ್ತ ಮುಂದೆ ಬಂದಿದ್ದೆ. ಒಂದು ಹೆಜ್ಜೆ ಹಿಂದೆ ಬಿದ್ದವನ ಕೈ ತಾನಾಗೇ ಹಿಡಿಯಲು ಹೋಗುತ್ತೆ.

ಇನ್ನು ಕೆರಿಯರ್ ಮಾತು. ಆ ಪ್ರಶ್ನೆಯೇ ಇಲ್ಲಿ ಹೊಂದುವುದಿಲ್ಲ. ಗೇಲಿಕ್ ಫುಟ್‌ಬಾಲ್‌ನಲ್ಲಿ ಆಟಗಾರರಿಗೆ ಸಂಬಳ ಇಲ್ಲ, ಡಬ್ಲಿನ್‌ನ ದೊಡ್ಡ ಕ್ರೀಡಾಂಗಣ ಕ್ರೋಕ್ ಪಾರ್ಕ್‌ನಲ್ಲಿ 82,000 ಜನರ ಮುಂದೆ ಫೈನಲ್ ಆಡಿದರೂ ಇಲ್ಲ. ಆಲ್ ಐರ್ಲೆಂಡ್ ಅಂದರೆ ಕೌಂಟಿಗಳ, ನಮ್ಮ ಜಿಲ್ಲೆಗಳ ಥರದ ಪ್ರದೇಶಗಳ, ತಂಡಗಳು ಆಡುವ ದೊಡ್ಡ ಚಾಂಪಿಯನ್‌ಶಿಪ್. ಅದರ 2015ರ ಫೈನಲ್‌ನಲ್ಲಿ ಡಬ್ಲಿನ್‌ನ ಫಿಲ್ಲಿ ಮೆಕ್‌ಮಹನ್, ಕೆರಿ ತಂಡದ ಕೊಲಮ್ ಕೂಪರ್‌ಗೆ ಒಂದೂ ಪಾಯಿಂಟ್ ಬಿಟ್ಟುಕೊಡದೆ, ತಾವೇ ಮುಂದೆ ಹೋಗಿ ಒಂದು ಹೊಡೆದು ಬಂದರು. ಎಂಟು ಆಲ್ ಐರ್ಲೆಂಡ್ ಗೆದ್ದು 2021ರಲ್ಲಿ ಕೌಂಟಿ ಆಟ ಬಿಟ್ಟರು. ಅವರ ದುಡಿಮೆ ಜಿಮ್ ವ್ಯವಹಾರದಲ್ಲಿ. 2007ರ ವರ್ಷದ ಆಟಗಾರ, ಕೆರಿಯ ಮಾರ್ಕ್ ಓ ಶೇ ಮೇಷ್ಟ್ರು. ಅಂಥವರೇ ಬೇರೆ ಕೆಲಸ ಮಾಡಿಕೊಂಡು ಆಡಿದ್ದಾರೆ.

ಅದಕ್ಕೇ ಓದು ಬಿಡಬೇಡಿ, ಕೌಂಟಿ ತಂಡದ ಆಸೆಯೂ ಬೇಡ, ಅಲ್ಲಿರುವವರು ಪುಟ್ಟ ಮಕ್ಕಳಾಗಿದ್ದಾಗಿಂದ ಆಡಿಕೊಂಡು ಬಂದವರು. ಆದರೆ ಕ್ಲಬ್ ಖಂಡಿತ ಸೇರಿಕೊಳ್ಳಿ. ಈ ಊರಲ್ಲಿ ನನಗೆ ಸ್ವಂತದವರು ಅಂತ ಸಿಕ್ಕಿದ್ದು ಅಲ್ಲೇ, ಆ ಸೋಲಿನ ರಾತ್ರಿ ನನ್ನನ್ನು ಮನೆಗೆ ಬಿಟ್ಟವರೂ ಅವರೇ. ಮೊದಲ ದಿನವೇ ಕೋಚ್‌ಗೆ ಹೇಳಿ, ನಾನು ಕಬಡ್ಡಿಯವನು, ಟ್ಯಾಕಲ್ ಮೊದಲಿಂದ ಕಲಿಸಿ ಅಂತ. ಮೌತ್‌ಗಾರ್ಡ್ ತಗೊಂಡು ಹೋಗಿ, ಟ್ರೈನಿಂಗ್‌ಗೂ ಕಡ್ಡಾಯ.