ದುಬೈಯಲ್ಲಿ ಇರುವಷ್ಟು ದಿನ ನನಗೆ ವಯಸ್ಸೇ ಆಗಲಿಲ್ಲ

ನಿಮಗೆ 52 ವರ್ಷ, ದುಬೈಯಲ್ಲಿ 19 ವರ್ಷ. ವಯಸ್ಸಾದ ಮೇಲೆ ಅಲ್ಲೇ ಇರೋದಾ, ಊರಿಗೆ ಬರೋದಾ, ಊರಿನ ಮನೆಗೆ ಮೇಲೊಂದು ಮಹಡಿ ಎಬ್ಬಿಸೋದಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನ್ನದೇ ಹಳೇ ಫೋಟೋ ಸಿಕ್ಕಿದ ಹಾಗಾಯ್ತು. ನಾನು 2000ದಲ್ಲಿ ಹೋದವನು, ಆಗ 36 ವರ್ಷ. ವಾಪಸ್ ಬಂದದ್ದು 2022ರಲ್ಲಿ, 58ಕ್ಕೆ. ಊರು ಕುಂದಾಪುರದ ಹತ್ತಿರ. ದುಬೈಯಲ್ಲಿ ಒಂದು ಎಸಿ ಡಕ್ಟ್ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಕರಾಮಾ ಬಡಾವಣೆಯಲ್ಲಿ ನಾಲ್ಕು ಜನ ಸೇರಿ ಒಂದು ರೂಮು. ಹೆಂಡತಿ ಮಕ್ಕಳು ಊರಲ್ಲಿ.

22 ವರ್ಷ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಹತ್ತಿ ಇಳಿದೆ. ಕೋಲು ಹಿಡಿದವರನ್ನು ಕಂಡದ್ದು ನಾಲ್ಕೈದು ಸಲ ಇರಬಹುದು. ಅವರೂ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದವರು. ನಮ್ಮ ಜೊತೆ ಕೆಲಸ ಮಾಡುವವನಿಗೆ ಅರವತ್ತು ಹತ್ತಿರ ಬಂತು ಅಂದರೆ ಒಂದು ಕೇಕ್, ಒಂದು ವಾಚು, ಏರ್‌ಪೋರ್ಟ್. ಅವನು ಮುದುಕ ಆಗೋದನ್ನು ನಾವು ನೋಡುವುದೇ ಇಲ್ಲ. ಹಾಗಾಗಿ ವಯಸ್ಸಾಗುವುದು ಅಂದರೆ ಊರಿಗೆ ಹೋದ ಮೇಲಿನ ಕಥೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಇನ್ನು ನಮ್ಮ ಡೈ. ಎರಡು ವಾರಕ್ಕೊಮ್ಮೆ ಶುಕ್ರವಾರ ಬೆಳಿಗ್ಗೆ ಬಾತ್‌ರೂಮಿಗೆ ಕ್ಯೂ. ಹೆಗಲ ಮೇಲೆ ಹಳೇ ಲುಂಗಿ, ಮೀಸೆಗೆ ಹಚ್ಚಲು ಹಲ್ಲುಜ್ಜಿ ಸವೆದ ಬ್ರಷ್. ವೀಸಾ ರಿನ್ಯೂ ಆಗುವ ತಿಂಗಳು ಯಾರೂ ತಪ್ಪಿಸುತ್ತಿರಲಿಲ್ಲ. ಮ್ಯಾನೇಜರ್ ಕಣ್ಣಿಗೆ ಮುದುಕನ ಹಾಗೆ ಕಾಣಬಾರದಲ್ವಾ?

ಈಗ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2010ರಲ್ಲಿ ರಜೆಗೆ ಬಂದಿದ್ದೆ. ಚಿಕ್ಕಪ್ಪನ ಮಗ ಆಗಷ್ಟೇ ಇನ್ಶೂರೆನ್ಸ್ ಏಜೆಂಟ್ ಆಗಿದ್ದ. ಹೆಲ್ತ್ ಪಾಲಿಸಿ ಫಾರಂ ತುಂಬಿಸಿಕೊಂಡೇ ಬಂದ. "ಅಣ್ಣಯ್ಯ, ಇಲ್ಲೊಂದು ಸೈನ್ ಹಾಕು ಸಾಕು" ಅಂದ. ಗಂಡ ಹೆಂಡತಿ ಇಬ್ಬರಿಗೂ ಸೇರಿ ವರ್ಷಕ್ಕೆ ಎಂಟು ಸಾವಿರ ಚಿಲ್ಲರೆ. ನಾನು ನಕ್ಕೆ. "ನನಗೆ ಎಂತ ಆಗಿದೆ? ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಇದೆಯಲ್ಲ. ಊರಿಗೆ ಬಂದ ಮೇಲೆ ನಿನ್ನತ್ರವೇ ಮಾಡಿಸುವ" ಅಂದೆ. ಅವನು ಚಹಾ ಕುಡಿದು, ಫಾರಂ ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಹೋದ. ಆ ರಜೆಯಲ್ಲಿ ನಾನು ಪೆಟ್ಟಿಗೆ ತುಂಬ ತಂದು ಹಂಚಿದ ಸೆಂಟು, ಟ್ಯಾಂಗ್, ಆಕ್ಸ್ ಆಯಿಲಿಗೇ ಅದಕ್ಕಿಂತ ಜಾಸ್ತಿ ಆಗಿತ್ತು.

ನನಗೆ ಅರ್ಥವಾಗದೆ ಇದ್ದದ್ದು ಇಷ್ಟು. ಕಂಪನಿ ಕಾರ್ಡ್ ನಮ್ಮದಲ್ಲ, ನಮ್ಮ ವೀಸಾದ್ದು. ವೀಸಾ ರದ್ದಾದರೆ ಅದು ಬರೀ ಪ್ಲಾಸ್ಟಿಕ್. ಅದರಲ್ಲಿ ಕಳೆದ 22 ವರ್ಷ ಇಲ್ಲಿನ ಇನ್ಶೂರೆನ್ಸ್ ಲೆಕ್ಕಕ್ಕೆ ಒಂದು ದಿನವೂ ಬರುವುದಿಲ್ಲ. ಇಲ್ಲಿ ಗಡಿಯಾರ ಶುರುವಾಗುವುದು ನೀವು ಮೊದಲ ಪ್ರೀಮಿಯಂ ಕಟ್ಟಿದ ದಿನ. ಅವತ್ತು ಇರುವ ಕಾಯಿಲೆಗೆ ಕಾಯುವ ಅವಧಿ, ಅಂದರೆ ಅಷ್ಟು ವರ್ಷ ಆ ಕಾಯಿಲೆಯ ಖರ್ಚು ಕೊಡುವುದಿಲ್ಲ. ಆ ಅವಧಿ ನಾನು ಕೊಳ್ಳುವಾಗ ನಾಲ್ಕು ವರ್ಷದವರೆಗೂ ಇರಬಹುದಿತ್ತು, 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ ಮೂರು.

ನನಗೆ 2015ರಲ್ಲಿ ಶುಗರ್, ಬಿಪಿ ಎರಡೂ ಬಂತು. 2022ರಲ್ಲಿ ಬಂದು ಅರ್ಜಿ ಹಾಕಿದರೆ ಒಂದು ಕಂಪನಿ ಆಗಲ್ಲ ಅಂತು. ಇನ್ನೊಂದು ಪ್ರೀಮಿಯಂ ಏರಿಸಿ, ನಾಲ್ಕು ವರ್ಷದ ಷರತ್ತು ಹಾಕಿ ಕೊಟ್ಟಿತು. ಒಂದೂವರೆ ವರ್ಷ ಆಗಿತ್ತು, ತೋಟದಲ್ಲಿ ಪೈಪ್ ಎಳೆಯುವಾಗ ಎದೆ ಹಿಡಿದುಕೊಂಡಿತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್. ಬಿಲ್ಲು 3 ಲಕ್ಷ 80 ಸಾವಿರ. ಮೊದಲೇ ಇದ್ದ ಬಿಪಿಯಿಂದ ಬಂದದ್ದು ಅಂತ ಕ್ಲೇಮ್ ತಿರಸ್ಕಾರ. ಜಗಳ ಆಡಿದೆ. ಆದರೆ ಕಾಗದದಲ್ಲಿ ಅವರು ಬರೆದದ್ದು ಸರಿಯೇ ಇತ್ತು. 2010ರಲ್ಲಿ ಸೈನ್ ಹಾಕಿದ್ದರೆ ಶುಗರ್ ಬರುವ ಮೊದಲೇ ಪಾಲಿಸಿಗೆ ಐದು ವರ್ಷ ತುಂಬಿರುತ್ತಿತ್ತು. ಎಪ್ಪತ್ತು ದಾಟಿದವರಿಗೆ ಈಗ ಆಯುಷ್ಮಾನ್ ಕಾರ್ಡಿದೆ, ಆದಾಯ ಕೇಳುವುದಿಲ್ಲ. ಆದರೆ ಎಪ್ಪತ್ತಕ್ಕೇ ಬಾ ಅಂತ ಹೃದಯಕ್ಕೆ ಹೇಳಲಾಗುತ್ತದಾ?

ಆಸ್ಪತ್ರೆಗೆ ಕಟ್ಟಿದ ದುಡ್ಡು ಬಂದದ್ದು ಗ್ರಾಚ್ಯುಟಿಯಿಂದ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಟ್ಟ ಇಡಿಗಂಟಿನಿಂದ. ಅದರ ಲೆಕ್ಕವೂ ನೋಡಿಕೊಳ್ಳಿ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಅದೂ ಬೇಸಿಕ್, ಅಂದರೆ ಭತ್ಯೆ ಸೇರದ ಮೂಲ ಸಂಬಳದ ಮೇಲೆ ಮಾತ್ರ. ನನ್ನ ಸಂಬಳ 8,500 ದಿರ್ಹಮ್, ಬೇಸಿಕ್ 4,000. ಎಲ್ಲ ಸೇರಿ 82,000 ದಿರ್ಹಮ್, ಅಂದರೆ ಆಗಿನ ರೇಟಿನಲ್ಲಿ 18 ಲಕ್ಷ ರೂಪಾಯಿ. 22 ವರ್ಷದ ದುಡಿಮೆಗೆ. ಅದರಲ್ಲಿ ಐದನೇ ಒಂದು ಪಾಲು ಮೂರು ದಿನದಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಇಳಿಯಿತು.

ಈಗ ನಿಮ್ಮ ಪ್ರಶ್ನೆಗೆ. ಅಲ್ಲೇ ಇರೋದಾ, ಬರೋದಾ ಅಂತ ಎರಡು ದಾರಿ ಇದ್ದ ಹಾಗೆ ಕೇಳಿದ್ದೀರಿ ಮಾರಾಯ್ರೆ, ಇರುವುದು ಒಂದೇ. ಕೆಲಸ ಬಿಟ್ಟರೆ ವೀಸಾ ಇಲ್ಲ. 55 ದಾಟಿದವರಿಗೆ ಐದು ವರ್ಷದ ರಿಟೈರ್‌ಮೆಂಟ್ ವೀಸಾ ಇದೆ ನಿಜ. ಅದಕ್ಕೆ ಹತ್ತು ಲಕ್ಷ ದಿರ್ಹಮ್ಮಿನ ಆಸ್ತಿ ಬೇಕು, ಇಲ್ಲವೇ ಅಷ್ಟು ಉಳಿತಾಯ, ಅದೂ ಇಲ್ಲದಿದ್ದರೆ ತಿಂಗಳು ತಿಂಗಳು ದೊಡ್ಡ ಆದಾಯ. ಅಷ್ಟಿದ್ದವರು ಈ ಪ್ರಶ್ನೆ ಕೇಳಲಿಕ್ಕೆ ಬರುವುದಿಲ್ಲ. ನೀವು ಊರಿಗೇ ಬರುವವರು. ಹಾಗಾಗಿ ಆ ಚರ್ಚೆಯನ್ನು ಬಿಟ್ಟು, ಬರುವ ದಿನ ಕೈಯಲ್ಲಿ ಏನಿರುತ್ತದೆ ಅಂತ ನೋಡಿ.

ಮುಂದಿನ ರಜೆಯಲ್ಲೇ ಹೆಲ್ತ್ ಪಾಲಿಸಿ ಮಾಡಿಸಿ, ಅಲ್ಲಿರುವಾಗಲೇ ಕಟ್ಟುತ್ತಾ ಬನ್ನಿ. ಅನಿವಾಸಿಗಳಿಗೂ ಕೊಡುತ್ತಾರೆ. ಶುಗರ್ ಇದ್ದರೆ ಇದೆ ಅಂತಲೇ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಪಾಲಿಸಿಯೇ ಹೋಗುತ್ತದೆ. 52 ಅಂದರೆ ತಡವೇ, ಆದರೂ 58ಕ್ಕಿಂತ ಆರು ವರ್ಷ ಬೇಗ. ವಾಪಸ್ ಬಂದ ಕೂಡಲೇ ಬ್ಯಾಂಕಿಗೆ ಹೋಗಿ ಅನಿವಾಸಿಗಳ ಎನ್‌ಆರ್‌ಇ ಖಾತೆ ಬದಲಾಯಿಸಿ, ಅದನ್ನು ಹಾಗೇ ಬಿಡುವಂತಿಲ್ಲ.

ಮಹಡಿ ಬೇಡ. ನಾನು 2017ರಲ್ಲಿ ಕಟ್ಟಿಸಿದೆ. ಎರಡು ಬೆಡ್‌ರೂಮು, ಅಟ್ಯಾಚ್ಡ್ ಬಾತ್‌ರೂಮು, ರಸ್ತೆ ಕಡೆ ಬಾಲ್ಕನಿ. ಮಗ ಬೆಂಗಳೂರಲ್ಲಿ, ಮಗಳು ಪುಣೆಯಲ್ಲಿ. ಈಗ ಅಲ್ಲಿ ತೆಂಗಿನಕಾಯಿ ಒಣಗುತ್ತಿದೆ. ಸ್ಟೆಂಟ್ ಹಾಕಿದ ಮೇಲೆ ನಾನು ಮೇಲೆ ಹತ್ತಿದ್ದು ಎರಡೇ ಸಲ, ಎರಡೂ ಸಲ ಟ್ಯಾಂಕಿನ ನೀರು ತುಂಬಿ ಹರಿಯುತ್ತಿತ್ತು ಅಂತ.