ದೂರು ಊರೆಲ್ಲ ಸುತ್ತಿ ಅದೇ ಟೇಬಲ್ಲಿಗೆ ಬಂದಾಗ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ದುಡ್ಡಿನ ತಕರಾರಿಗೆ ತಮ್ಮನನ್ನು ಠಾಣೆಗೆ ಕರೆಸಿದರು, ದಿನವಿಡೀ ಕೂರಿಸಿ ಹೊಡೆದು ಕಳಿಸಿದರು, ಕೇಸೂ ಇಲ್ಲ, ಕಾಗದವೂ ಇಲ್ಲ. ಶಾಸಕರ ಮನೆಗೆ ಹೋದರೆ ‘ನೋಡೋಣ ಬಿಡಿ’ ಅಂದರು. ‘ಇಂಥವರಿಗೆ ಓಟು ಹಾಕಿದ್ದು ಯಾಕೆ, ಈಗ ಏನಾದರೂ ಮಾಡೋಕಾಗುತ್ತಾ’ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಆದರೆ ಇದೇ ದಾರಿಯಲ್ಲಿ ಎರಡು ವರ್ಷ ಚಪ್ಪಲಿ ಸವೆಸಿದ್ದೇನೆ. ಎಲ್ಲೆಲ್ಲಿ ಗುಂಡಿ ಇದೆ ಅಂತ ಗೊತ್ತು.

ನನ್ನ ಚಿಕ್ಕಪ್ಪನ ಮಗ ಗೂಡ್ಸ್ ಆಟೋ ಓಡಿಸುತ್ತಾನೆ. ಚೀಟಿ ದುಡ್ಡಿನ ವಿಷಯಕ್ಕೆ ಒಬ್ಬರ ಜೊತೆ ಜಗಳ ಆಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಯಿಂದ ಫೋನ್ ಬಂತು, ‘ಬಂದು ಹೋಗು, ಐದು ನಿಮಿಷ.’ ಆ ಐದು ನಿಮಿಷ ರಾತ್ರಿ ಒಂಬತ್ತಕ್ಕೆ ಮುಗಿಯಿತು. ನಾನು ಹೋದಾಗ ಸಂಜೆ ನಾಲ್ಕಾಗಿತ್ತು. ಅವನು ಗೋಡೆ ಪಕ್ಕದ ಬೆಂಚಿನ ಮೇಲಿದ್ದ, ಎಡಗೆನ್ನೆ ಊದಿತ್ತು. ಮೊಬೈಲ್ ಕಿತ್ತುಕೊಂಡಿದ್ದರು. ‘ಸಾಹೇಬರು ರೌಂಡ್ಸ್‌ಗೆ ಹೋಗಿದ್ದಾರೆ, ಕಾಯಿರಿ’ ಅಂದರು ರೈಟರ್, ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕರೆದು, ‘ಎದುರುಗಡೆ ಜೆರಾಕ್ಸ್ ಅಂಗಡಿ ಇದೆ, ಎರಡು ರಿಮ್ ಪೇಪರ್ ತಗೊಂಬನ್ನಿ’ ಅಂದರು. ತಂದುಕೊಟ್ಟೆ. ಯಾಕೆ ತಂದುಕೊಟ್ಟೆ ಅಂತ ಈಗಲೂ ಮೈ ಉರಿಯುತ್ತೆ. ಅಲ್ಲಿ ನಿಂತಾಗ ಹಾಗೆ ಅನ್ನಿಸಲ್ಲ, ತಮ್ಮ ಒಳಗಿದ್ದಾನಲ್ಲ.

ನಾನು ತಂದ ಪೇಪರಿನಲ್ಲೇ ಒಂದು ಹಾಳೆ ತೆಗೆದು ಅವನಿಂದ ಮುಚ್ಚಳಿಕೆ ಬರೆಸಿಕೊಂಡರು. ‘ಎರಡು ತಿಂಗಳಲ್ಲಿ ದುಡ್ಡು ಕೊಡುತ್ತೇನೆ, ಇನ್ನು ಮುಂದೆ ತಂಟೆಗೆ ಹೋಗುವುದಿಲ್ಲ, ಇದು ನನ್ನ ಸ್ವಇಚ್ಛೆಯಿಂದ ಬರೆದದ್ದು.’ ಕೆಳಗೆ ಸಹಿ, ತಾರೀಖು. ಈ ಹಾಳೆ ನೆನಪಿಟ್ಟುಕೊಳ್ಳಿ, ಇದರ ಕಥೆ ಇನ್ನೂ ಇದೆ.

ಮರುದಿನ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಹೊಡೆತ ಅಂದ ತಕ್ಷಣ ಡಾಕ್ಟರು ಎಂಎಲ್‌ಸಿ ಬರೆದರು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ದಾಖಲೆ. ಎಂಎಲ್‌ಸಿ ಮೆಮೊ ಎಲ್ಲಿಗೆ ಹೋಗುತ್ತೆ ಗೊತ್ತಾ? ಅದೇ ಠಾಣೆಗೆ. ಎಸ್‌ಪಿ ಸಾಹೇಬರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೂರು ಕಳಿಸಿದೆವು. ಅದು ಡಿವೈಎಸ್ಪಿ ಕಚೇರಿಗೆ ಬಂತು, ಅಲ್ಲಿಂದ ಸರ್ಕಲ್ ಇನ್‌ಸ್ಪೆಕ್ಟರ್ ಕಚೇರಿಗೆ, ಅಲ್ಲಿಂದ ಅದೇ ಠಾಣೆಗೆ, ‘ಪರಿಶೀಲಿಸಿ ವರದಿ ಕೊಡಿ’ ಅಂತ. ಜನತಾ ದರ್ಶನದಲ್ಲಿ ಅರ್ಜಿ ಕೊಟ್ಟೆವು. ಫೋಟೊ ತೆಗೆದರು, ನಂಬರ್ ಕೊಟ್ಟರು. ಆ ಅರ್ಜಿಯೂ ಬೆಟ್ಟ ಹತ್ತಿ ಇಳಿದು ಅದೇ ಟೇಬಲ್ಲಿಗೆ ಬಂದು ಕೂತಿತು. ಮೂರು ತಿಂಗಳಿಗೆ ಒಂದು ಹಿಂಬರಹ ಕೈಗೆ ಬಂತು: ‘ದೂರಿನಲ್ಲಿ ಸತ್ಯಾಂಶ ಕಂಡುಬಂದಿರುವುದಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.’ ಸಹಿ ಯಾರದ್ದು ಅಂತ ಹೇಳಬೇಕಾಗಿಲ್ಲ ಅಲ್ವಾ?

ಹಾಗಾಗಿ ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಇಷ್ಟು. ಮೇಲಕ್ಕೆ ಕಳಿಸಿದ್ದೆಲ್ಲ ಕೆಳಕ್ಕೇ ಬರುತ್ತದೆ. ಶಾಸಕರು ‘ನೋಡೋಣ’ ಅಂದದ್ದೂ ಸುಮ್ನೆ ಅಲ್ಲ. ಆ ಠಾಣೆಗೆ ಇನ್‌ಸ್ಪೆಕ್ಟರ್ ಬಂದದ್ದೇ ಅವರ ಪತ್ರದ ಮೇಲೆ ಇರಬಹುದು. ಶಾಸಕರ ಈ ಶಿಫಾರಸು ಪತ್ರಕ್ಕೆ ನಮ್ಮ ರಾಜ್ಯದಲ್ಲಿ ‘ಮಿನಿಟ್’ ಅಂತಾರೆ. ಯಾವ ಪಕ್ಷದ ಸರ್ಕಾರ ಬಂದರೂ ಮಿನಿಟ್ ಮಾತ್ರ ಹಾಗೇ ಇರುತ್ತದೆ. ಒಳ್ಳೆ ಠಾಣೆ ಬೇಕು ಅಂದರೆ ಮಿನಿಟ್ ಬೇಕು, ಅದು ಉಳಿಯಬೇಕು ಅಂದರೆ ಕೊಟ್ಟವರ ಮಾತು ಕೇಳಬೇಕು. ಇನ್ನು ಅಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ?

ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2016ರ ಕೂಡ್ಲಿಗಿ ನೆನಪಿದೆಯಾ? ಅಲ್ಲಿ ಅನುಪಮಾ ಶೆಣೈ ಡಿವೈಎಸ್ಪಿ ಆಗಿದ್ದರು. ಜನವರಿಯಲ್ಲಿ ಅವರನ್ನು ಎತ್ತಂಗಡಿ ಮಾಡಿದರು. ತನ್ನ ಫೋನನ್ನು ಹೋಲ್ಡ್‌ನಲ್ಲಿ ಇಟ್ಟಿದ್ದಕ್ಕೆ ವರ್ಗ ಮಾಡಿಸಿದೆ ಅಂತ ಆಗಿನ ಸಚಿವರೊಬ್ಬರೇ ಹೇಳಿಕೊಂಡ ವಿಡಿಯೊ ಟಿವಿಯಲ್ಲೆಲ್ಲ ಓಡಿತು. ಊರಿನವರು ಬೀದಿಗೆ ಇಳಿದ ಮೇಲೆ ವರ್ಗಾವಣೆ ರದ್ದಾಯಿತು. ಜೂನ್‌ನಲ್ಲಿ ಅವರೇ ರಾಜೀನಾಮೆ ಕೊಟ್ಟು ಹೋದರು. ಡಿವೈಎಸ್ಪಿ ಮಟ್ಟದವರದ್ದೇ ಈ ಪಾಡಾದರೆ ಇನ್‌ಸ್ಪೆಕ್ಟರ್ ಏನು ಲೆಕ್ಕ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಪ್ರಕಾಶ್ ಸಿಂಗ್ ಅನ್ನುವ ನಿವೃತ್ತ ಡಿಜಿಪಿ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷ ಕಳೆದು, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು. ಠಾಣಾಧಿಕಾರಿಯನ್ನು ಸುಮ್ಮಸುಮ್ಮನೆ ಎರಡು ವರ್ಷದೊಳಗೆ ಎತ್ತಬಾರದು, ವರ್ಗಾವಣೆಗೆ ಇಲಾಖೆಯೊಳಗೇ ಮಂಡಳಿ ಬೇಕು, ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಬೇಕು, ಹೀಗೆ ಏಳು ನಿರ್ದೇಶನ. ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಕಾಗದದ ಮೇಲೆ ಮಂಡಳಿ ಇದೆ. ಮಿನಿಟ್ ಕೂಡ ಇದೆ.

ಕೆಲಸಕ್ಕೆ ಸೇರುವ ಬಾಗಿಲಲ್ಲೇ ವ್ಯಾಪಾರ ಶುರುವಾದರೆ ಒಳಗೆ ಇನ್ನೇನು? 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತಲ್ಲ, ಅದರ ಅಕ್ರಮ ಬಯಲಾಗಿ ಮುಂದಿನ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ 2022ರ ಜುಲೈನಲ್ಲಿ ಸಿಐಡಿ ಬಂಧಿಸಿತು. ಮರುಪರೀಕ್ಷೆ ನಡೆಯುವಷ್ಟರಲ್ಲಿ 2024 ಬಂದಿತ್ತು. ಪ್ರಾಮಾಣಿಕವಾಗಿ ಓದಿದ ಹುಡುಗರ ಎರಡು ವರ್ಷ ಅದರಲ್ಲೇ ಹೋಯಿತು. ನಮ್ಮ ಬೀದಿಯಲ್ಲೂ ಅಂಥ ಒಬ್ಬನಿದ್ದ, ಬೆಳಗಿನ ಜಾವ ಓಟದ ಅಭ್ಯಾಸ ಮಾಡಿ ಮಾಡಿ ಕೊನೆಗೆ ಕೊರಿಯರ್ ಕೆಲಸಕ್ಕೆ ಸೇರಿದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಕಾನ್‌ಸ್ಟೇಬಲ್‌ಗಳ ಪರವಾಗಿ. ಅದೇ 2016ರ ಜೂನ್‌ನಲ್ಲಿ ಸಂಬಳ, ರಜೆ, ಆರ್ಡರ್ಲಿ ಅಂತ ಮೇಲಧಿಕಾರಿಗಳ ಮನೆ ಚಾಕರಿ, ಈ ವಿಷಯಕ್ಕೆ ರಾಜ್ಯದ ಪೊಲೀಸರೇ ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಸರ್ಕಾರ ಅಗತ್ಯ ಸೇವೆಯವರ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ತೋರಿಸಿ ಹೆದರಿಸಿತು, ಮುಂದಾಳುತನ ವಹಿಸಿದವರ ಮೇಲೆ ರಾಜದ್ರೋಹದ ಕೇಸು ಹಾಕಿತು. ನಮ್ಮ ತಮ್ಮನಿಗೆ ಆ ದಿನ ಚಹಾ ತಂದುಕೊಟ್ಟವರೂ ಒಬ್ಬ ಕಾನ್‌ಸ್ಟೇಬಲ್ಲೇ. ‘ಹೇಳಿದ್ದು ಬರೆದುಕೊಟ್ಟು ಹೋಗಪ್ಪ, ನಮ್ಮ ಕೈಲಿ ಏನೂ ಇಲ್ಲ’ ಅಂದರಂತೆ. ಆದರೆ ಕೆನ್ನೆಗೆ ಹೊಡೆದ ಕೈಗೂ ಡ್ಯೂಟಿ ಜಾಸ್ತಿ ಇತ್ತು ಅಂತ ನಾನು ಸಮಾಧಾನ ಮಾಡಿಕೊಳ್ಳಲಾರೆ.

ಎಲ್ಲರ ದೂರೂ ಹೀಗೆ ಸುತ್ತು ಹೊಡೆಯುವುದಿಲ್ಲ, ಅದು ಇನ್ನೂ ಹೊಟ್ಟೆ ಉರಿಸುವ ವಿಷಯ. ಚಿಕ್ಕಮಗಳೂರು ಜಿಲ್ಲೆಯದ್ದೇ ಎರಡು ಕೇಸು ನೋಡಿ. 2021ರ ಮೇನಲ್ಲಿ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನಿಗೆ ಹೊಡೆದು ಮೂತ್ರ ನೆಕ್ಕಿಸಿದರು ಅನ್ನುವ ಆರೋಪ ಬಂತು. ಆ ಹುಡುಗ ಗೃಹ ಸಚಿವರಿಗೆ, ಡಿಜಿಪಿಗೆ ಪತ್ರ ಬರೆದ, ಸುದ್ದಿಯಾಯಿತು, ತನಿಖೆ ಸಿಐಡಿಗೆ ಹೋಯಿತು. ಆರೋಪಿ ಪಿಎಸ್‌ಐ ಬಂಧನವಾಗುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು. 2023ರ ನವೆಂಬರ್ ಕೊನೆಗೆ ಅದೇ ಜಿಲ್ಲೆಯಲ್ಲಿ ಹೆಲ್ಮೆಟ್ ವಿಷಯಕ್ಕೆ ಯುವ ವಕೀಲರೊಬ್ಬರಿಗೆ ಠಾಣೆಯಲ್ಲಿ ಹೊಡೆದರು ಅನ್ನುವ ದೂರು. ವಕೀಲರು ಕೋರ್ಟ್ ಕಲಾಪ ಬಿಟ್ಟು ಹೊರಗೆ ಬಂದರು, ಪೊಲೀಸರು ಅಮಾನತಾದರು, ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಎಲ್ಲ ಕೆಲವೇ ದಿನದಲ್ಲಿ. ವಕೀಲರಿಗೆ ನ್ಯಾಯ ಸಿಗಬಾರದಿತ್ತು ಅಂತ ಅಲ್ಲ, ಖಂಡಿತ ಸಿಗಬೇಕು. ಅವರ ಬೆನ್ನಿಗೆ ಒಂದು ಸಂಘ ಇತ್ತು. ಗೂಡ್ಸ್ ಆಟೋ ಹುಡುಗನ ಬೆನ್ನಿಗೆ ಅಣ್ಣ ಒಬ್ಬನೇ, ಅವನ ಕೈಯಲ್ಲೂ ಎರಡು ರಿಮ್ ಪೇಪರ್.

ಈಗ ನಿಮ್ಮ ಪ್ರಶ್ನೆಯ ಎರಡನೇ ಅರ್ಧ, ಏನು ಮಾಡೋದು. ನನಗೆ ತಡವಾಗಿ ಗೊತ್ತಾದದ್ದು ಇದು: ದೂರನ್ನು ಇಲಾಖೆಯೊಳಗೇ ಮೇಲೆ ಕಳಿಸಿದರೆ ಸಾಲದು, ಇಲಾಖೆಯ ಹೊರಗೂ ಕಳಿಸಬೇಕು. ಆದರೂ ಎಸ್‌ಪಿಗೆ ಕಳಿಸುವುದನ್ನು ಬಿಡಬೇಡಿ. ಠಾಣೆ ಎಫ್‌ಐಆರ್ ಮಾಡದಿದ್ದರೆ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಅನ್ನುವ ಮೆಟ್ಟಿಲನ್ನು ಕಾನೂನೇ ಇಟ್ಟಿದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾನೂನಿನಲ್ಲಿ ಅದು 173ನೇ ಕಲಂ. ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಇಲ್ಲದೆ ಕೋರ್ಟಿಗೆ ಹೋದರೆ ಮೊದಲು ಅದನ್ನೇ ಕೇಳುತ್ತಾರೆ. ಆ ರಸೀದಿಗೋಸ್ಕರ ಕಳಿಸಿ, ಉತ್ತರಕ್ಕೋಸ್ಕರ ಅಲ್ಲ.

ಅದೇ ದಿನ ಇನ್ನೊಂದು ಪತ್ರ ಬರೆಯಿರಿ, ‘ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ಠಾಣೆಯ ಸಿಸಿಟಿವಿ ದೃಶ್ಯ ಅಳಿಸದೆ ಉಳಿಸಿ’ ಅಂತ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಕ್ಯಾಮೆರಾ ಬೇಕು, ದೃಶ್ಯ 18 ತಿಂಗಳು ಇರಬೇಕು, ಅದಕ್ಕೆ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಂತೂ ಕಡಿಮೆ ಆಗಬಾರದು ಅಂದಿದೆ. ‘ಕ್ಯಾಮೆರಾ ಕೆಟ್ಟಿತ್ತು’ ಅಂತ ಉತ್ತರ ಬರಬಹುದು. ಬರಲಿ, ಬರವಣಿಗೆಯಲ್ಲಿ ಬರಲಿ. ನಾವು ಇದನ್ನು ಮಾಡಲಿಲ್ಲ, ಕೇಳುವಷ್ಟರಲ್ಲಿ ಏನೂ ಉಳಿದಿರಲಿಲ್ಲ.

ಹೊರಗಿನ ಬಾಗಿಲು ಅಂದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ. ಬೆಂಗಳೂರಿನಲ್ಲಿದೆ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಘಟನೆ ನಡೆದು ಒಂದು ವರ್ಷ ದಾಟಿದರೆ ಅವರು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳಿದ್ದರೆ ಲೋಕಾಯುಕ್ತ. ನಡುವೆ 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ ಅಂತ ಮಾಡಿ ಲೋಕಾಯುಕ್ತದ ಕೈ ಕಟ್ಟಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಎಸಿಬಿಯನ್ನೇ ರದ್ದು ಮಾಡಿತು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಖಾಸಗಿ ದೂರು, ಅಂದರೆ ಕೋರ್ಟಿನವರು ಪಿಸಿಆರ್ ಅನ್ನುವುದು, ಅದನ್ನು ಹಾಕುವ ಮುಂಚೆ ಒಂದು ಗುಂಡಿ ಗೊತ್ತಿರಲಿ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ, ಕರ್ತವ್ಯದ ನೆಪದಲ್ಲಿ ಮಾಡಿದ ಕೆಲಸಕ್ಕೂ ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕು ಅಂತ ಅವರ ಕಡೆಯ ವಕೀಲರು ಎದ್ದು ನಿಲ್ಲುತ್ತಾರೆ. ಅನುಮತಿಗೆ ಬರೆದರೆ ಅದು ಯಾವ ಟೇಬಲ್ಲಿಗೆ ಹೋಗಿ ಯಾವ ಟೇಬಲ್ಲಿಗೆ ಬರುತ್ತೆ ಅಂತ ಮೇಲೆ ಹೇಳಿದ್ದೇನೆ. ಹಾಗಾಗಿ ಒಳ್ಳೆ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ನಮ್ಮದು ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. ಪ್ರಾಧಿಕಾರಕ್ಕೆ ದೂರು ಕೊಟ್ಟು ವರ್ಷ ದಾಟಿದ ಮೇಲೆ ವಿಚಾರಣೆಗೆ ಕರೆ ಬಂತು. ರಾತ್ರಿ ಬಸ್ಸಿಗೆ ಹೊರಟೆವು. ಆ ಠಾಣೆಯ ಅಧಿಕಾರಿ ಎದುರಿಗೇ ಬಂದಿದ್ದರು, ಇಸ್ತ್ರಿ ಹಾಕಿದ ಬಿಳಿ ಶರ್ಟು. ‘ಈ ವ್ಯಕ್ತಿ ಆ ದಿನ ನಮ್ಮ ಠಾಣೆಗೆ ಬಂದೇ ಇಲ್ಲ’ ಅಂದರು. ಠಾಣೆಯ ಡೈರಿಯಲ್ಲೂ ತಮ್ಮನ ಹೆಸರಿರಲಿಲ್ಲ. ಆಗ ನಮ್ಮ ವಕೀಲರು ಒಂದು ಜೆರಾಕ್ಸ್ ಮುಂದಿಟ್ಟರು. ಚೀಟಿ ದುಡ್ಡಿನ ಪಾರ್ಟಿ ಅಷ್ಟರಲ್ಲಿ ಸಿವಿಲ್ ಕೋರ್ಟಿಗೆ ಹೋಗಿದ್ದ, ಸಾಲಕ್ಕೆ ಸಾಕ್ಷಿ ಅಂತ ಆ ಮುಚ್ಚಳಿಕೆಯ ಪ್ರತಿಯನ್ನು ತಾನೇ ಹಾಜರು ಮಾಡಿದ್ದ. ಠಾಣೆಯ ಹೆಸರು, ಅದೇ ತಾರೀಖು, ತಮ್ಮನ ಸಹಿ, ಎಲ್ಲ ಅದರಲ್ಲಿತ್ತು. ಬರದೇ ಇದ್ದವನು ಠಾಣೆಯಲ್ಲಿ ಕೂತು ಬರೆದುಕೊಟ್ಟದ್ದು ಹೇಗೆ?

ಇಲಾಖಾ ವಿಚಾರಣೆಗೆ ಶಿಫಾರಸು ಆಯಿತು. ಒಂದು ಇಂಕ್ರಿಮೆಂಟ್ ತಡೆಹಿಡಿದರು ಅಂತ ಆಮೇಲೆ ಕೇಳಿದೆ. ಆ ಅಧಿಕಾರಿ ಈಗ ಬೇರೆ ಠಾಣೆಯಲ್ಲಿದ್ದಾರೆ, ಅದೂ ಒಳ್ಳೆ ಠಾಣೆಯೇ. ತಮ್ಮ ಮಾತ್ರ ಈಗಲೂ ಲೋಡ್ ಹಾಕಿಕೊಂಡು ಹೋಗುವಾಗ ಠಾಣೆ ಮುಂದಿನ ರಸ್ತೆ ಬಿಟ್ಟು ಸಂತೆ ಮೈದಾನದ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾನೆ. ಡೀಸೆಲ್ ದಂಡ ಅಂತ ಬೈದರೂ ಕೇಳಲ್ಲ.

ನಿಮ್ಮ ತಮ್ಮನಿಂದ ಅಲ್ಲಿ ಏನಾದರೂ ಬರೆಸಿಕೊಂಡರಾ, ಎಲ್ಲಾದರೂ ಸಹಿ ಹಾಕಿಸಿಕೊಂಡರಾ? ಬೇರೆ ಎಲ್ಲಕ್ಕಿಂತ ಮೊದಲು ಅವನನ್ನು ಕೂರಿಸಿಕೊಂಡು ಅದನ್ನು ಕೇಳಿ.