ಸಾರ್ಟ್ ಮಾಡುವುದು ದಂಡದ ಖರ್ಚೇ?

ಪ್ರಶ್ನೆ: ಎಪಿಎಂಸಿಗೆ ಬಂದ ಹತ್ತಿ ಲಾಟ್‌ಗಳ ತೂಕ ಒಂದು ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ಇದೆ. ಯಾವ ಎರಡು ಲಾಟ್ ಕೂಡಿದರೆ ಸರಿಯಾಗಿ ಒಂದು ಗಾಡಿ ಲೋಡ್ ಆಗುತ್ತದೆಂದು ಹುಡುಕುವ ಮಿನಿ ಪ್ರಾಜೆಕ್ಟ್ ನನ್ನದು. ಪ್ರತಿ ಲಾಟನ್ನೂ ಉಳಿದವುಗಳ ಜೊತೆ ಕೂಡಿ ನೋಡಲು ನಾನು ಲೂಪಿನೊಳಗೆ ಲೂಪ್ ಹಾಕಿದ್ದೇನೆ. ಗೆಳತಿ ‘ಮೊದಲು ಸಾರ್ಟ್ ಮಾಡು’ (ತೂಕದ ಏರಿಕೆ ಕ್ರಮದಲ್ಲಿ ಜೋಡಿಸು) ಅನ್ನುತ್ತಾಳೆ. ಸಾರ್ಟ್‌ಗೇ ‘ಎನ್ ಲಾಗ್ ಎನ್’ (ಎನ್ ಅಂದರೆ ಲಾಟ್‌ಗಳ ಸಂಖ್ಯೆ) ಸಮಯ ಹೋಗುತ್ತದಲ್ಲ ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಹೋಗುತ್ತದೆ. ಆದರೆ ಒಂದೇ ಸಲ. ಆ ಖರ್ಚು ಉಳಿದ ಕೆಲಸದ ಜೊತೆ ಕೂಡುತ್ತದೆ, ಗುಣಾಕಾರವಾಗುವುದಿಲ್ಲ. ಸಾರ್ಟನ್ನು ಲೂಪಿನೊಳಗೆ ಇಟ್ಟರೆ ಮಾತ್ರ ಗುಣಾಕಾರ, ಆಗ ಕೆಟ್ಟಿರಿ.

ಒಂದು ಲಕ್ಷ ಲಾಟ್ ಇವೆ ಎನ್ನೋಣ. ನಿಮ್ಮ ಎರಡು ಲೂಪ್ ಸುಮಾರು 500 ಕೋಟಿ ಜೋಡಿ ತಡಕಬೇಕಾದೀತು. ಸಾರ್ಟ್‌ಗೆ ಬೇಕಾಗುವುದು ಹೆಚ್ಚೂಕಡಿಮೆ 17 ಲಕ್ಷ ಹೋಲಿಕೆ (ಲಕ್ಷವನ್ನು ಸುಮಾರು 17 ಸಲ ಅರ್ಧ ಮಾಡಿದರೆ ಒಂದಕ್ಕೆ ಇಳಿಯುತ್ತದೆ, ಅದೇ ಲಾಗ್). ಆಮೇಲೆ ಎಡಗೈ ಬೆರಳನ್ನು ಎಲ್ಲಕ್ಕಿಂತ ಹಗುರ ಲಾಟ್ ಮೇಲೆ, ಬಲಗೈ ಬೆರಳನ್ನು ಎಲ್ಲಕ್ಕಿಂತ ಭಾರದ್ದರ ಮೇಲೆ ಇಡಿ. ಎರಡೂ ಕೂಡಿ ಲೋಡ್‌ಗೆ ಕಡಿಮೆ ಬಿತ್ತೆ? ಅತಿ ಭಾರದ್ದು ಸೇರಿಯೂ ಸಾಲದ ಆ ಹಗುರ ಲಾಟ್ ಮತ್ಯಾವುದರ ಜೊತೆಗೂ ಸಾಲದು, ಅದನ್ನು ಬಿಟ್ಟು ಎಡಬೆರಳನ್ನು ಮುಂದೆ ಸರಿಸಿ. ಹೆಚ್ಚಾಯಿತೆ? ಅದೇ ತರ್ಕದಿಂದ ಭಾರದ್ದನ್ನು ಬಿಟ್ಟು ಬಲಬೆರಳನ್ನು ಹಿಂದೆ ಸರಿಸಿ. ಪ್ರತಿ ಹೆಜ್ಜೆಗೂ ಒಂದು ಲಾಟ್ ಖಾಯಂ ಹೊರಗೆ, ಲಕ್ಷ ಹೆಜ್ಜೆಯೊಳಗೆ ಹುಡುಕಾಟ ಮುಗಿಯಿತು. ಕಲಸಿ ಬಿದ್ದಿರುವ ಅರೇಯಲ್ಲಿ ಹೀಗೆ ಧೈರ್ಯವಾಗಿ ಏನನ್ನೂ ಕೈಬಿಡಲಾಗದು.

ವೈವಾದಲ್ಲಿ ‘ಹ್ಯಾಶ್ ಸೆಟ್ (ಇಂಥ ತೂಕ ಇದೆಯೋ ಇಲ್ಲವೋ ಎಂದು ಥಟ್ಟನೆ ಹೇಳುವ ಸಂಗ್ರಹ) ಯಾಕೆ ಬೇಡ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ: ಸರಾಸರಿಯಲ್ಲಿ ಅದು ‘ಎನ್’ ಸಮಯಕ್ಕೇ ಮುಗಿಸುತ್ತದೆ, ಮೆಮೊರಿ ಮಾತ್ರ ಹೆಚ್ಚು ಬೇಕು. ಆದರೆ ತೂಕ ಕಿಲೋಗ್ರಾಂವರೆಗೆ ತಾಳೆಯಾಗದೆಯೂ ಇರಬಹುದು. ‘ಲೋಡ್‌ಗೆ ತೀರಾ ಹತ್ತಿರದ ಜೋಡಿ’ ಬೇಕೆಂದರೆ ಹ್ಯಾಶ್ ಕೈಕೊಡುತ್ತದೆ, ಎರಡು ಬೆರಳಿನ ಉಪಾಯ ನಡೆಯುತ್ತದೆ. ನಿಮ್ಮ ಪ್ರಾಜೆಕ್ಟ್‌ಗೆ ನಾನಾದರೆ ಸಾರ್ಟನ್ನೇ ಆರಿಸುತ್ತಿದ್ದೆ.

ಒಂದೇ ಒಂದು ಲಾಟ್ ಅನ್ನು ಒಮ್ಮೆ ಹುಡುಕುವುದಿದ್ದರೆ ಸಾರ್ಟ್ ದಂಡ, ನೇರ ಹುಡುಕಿ. ಸಾವಿರ ಸಲ ಹುಡುಕುವುದಿದ್ದರೆ ಸಾರ್ಟ್ ಮಾಡಿ, ಪ್ರತಿ ಸಲ ಬೈನರಿ ಸರ್ಚ್‌ಗೆ (ನಡುವಿನದನ್ನು ನೋಡಿ ಅರ್ಧವನ್ನು ಬಿಡುತ್ತ ಹುಡುಕುವುದು) ಸುಮಾರು 17 ಹೆಜ್ಜೆ ಸಾಕು.

ಸಾರ್ಟ್ ಅನ್ನು ನೀವೇ ಬರೆಯಲು ಹೋಗಬೇಡಿ. ಕ್ವಿಕ್‌ಸಾರ್ಟ್ ಎಂಬ ವಿಧಾನ ಒಂದು ಅಂಶವನ್ನು ಪಿವಟ್ ಮಾಡಿಕೊಂಡು, ಅದಕ್ಕಿಂತ ಚಿಕ್ಕವನ್ನೂ ದೊಡ್ಡವನ್ನೂ ಬೇರ್ಪಡಿಸುತ್ತದೆ; ಮೊದಲ ಅಂಶವನ್ನೇ ಪಿವಟ್ ಮಾಡಿ ಆಗಲೇ ಜೋಡಿಸಿದ ಅರೇ ಕೊಟ್ಟರೆ ಅದು ‘ಎನ್ ಸ್ಕ್ವೇರ್’ಗೆ (ಎನ್ ಗುಣಿಸು ಎನ್) ಇಳಿಯುತ್ತದೆ. ಅಂಥದ್ದೇ ಅರೇಯನ್ನು ಪೈಥಾನ್‌ನ ಸಾರ್ಟ್ ‘ಎನ್’ ಸಮಯದಲ್ಲೇ ಮುಗಿಸುತ್ತದೆ. ಮತ್ತೆ, ತೂಕವನ್ನಷ್ಟೇ ಸಾರ್ಟ್ ಮಾಡಿದರೆ ಯಾವ ತೂಕ ಯಾರ ಲಾಟ್‌ದೆಂದು ತಿಳಿಯದು. ತೂಕದ ಜೊತೆ ಲಾಟ್ ನಂಬರನ್ನೂ ಕಟ್ಟಿ ಸಾರ್ಟ್‌ಗೆ ಕೊಡಿ.